ಆರು ಚುಕ್ಕಿಯೋ, ಏಳು ಚುಕ್ಕಿಯೋ?

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಚೆಕ್ಕಿನ ಸಹಿ ತಾಳೆ ನೋಡುತ್ತಿದ್ದೆ. ಒಟ್ಟು ಆಕಾರಕ್ಕೆ ಮರುಳಾಗದೆ ಒಂದೊಂದೇ ಗೆರೆ ನೋಡಬೇಕು. ಹುಳುಗಳ ವಿಷಯವೂ ಹಾಗೆಯೇ.

ಮಕ್ಕಳೇ, ನಮ್ಮ ಗಜೇಂದ್ರಗಡದ ಗುಡ್ಡದಂಥ ಕುರುಚಲು ನೆಲದಲ್ಲಿ, ಕಪ್ಪು ಮೈಮೇಲೆ ಬಿಳಿ ಚುಕ್ಕಿಗಳಿರುವ ಹುಳು ಕಂಡರೆ ದೂರದಿಂದಲೇ ಎಣಿಸಿ. ಆರು ಇದ್ದರೆ ನೆಲಜೀರುಂಡೆ: ಎದೆಯ ಮೇಲೆ ಎರಡು, ಬೆನ್ನ ಮೇಲೆ ನಾಲ್ಕು. ಏಳು ಇದ್ದರೆ ಜಿರಲೆ! 1758ರಲ್ಲಿ ಹೆಸರಿಟ್ಟ ಲಿನಿಯಸ್ ಕೂಡ ಈ ಜಿರಲೆಯನ್ನು ಜೀರುಂಡೆಗಳ ಸಾಲಿಗೇ ಸೇರಿಸಿದ್ದ.

ಎಣಿಕೆ ತಪ್ಪೀತು ಎನಿಸಿದರೆ ಬೆನ್ನು ನೋಡಿ. ಜೀರುಂಡೆಯ ಗಟ್ಟಿ ರೆಕ್ಕೆಗಳು ನಡುವೆ ನೆಟ್ಟಗೆ ಕೂಡುತ್ತವೆ. ಜಿರಲೆಯ ರೆಕ್ಕೆ ಅಂಗಿಯ ಅಂಚಿನಂತೆ ಒಂದರ ಮೇಲೊಂದು ಮುಚ್ಚಿರುತ್ತದೆ. ಕೆಳಗೆ ಅಡಗಿದ ಎಂಟನೆಯ ಚುಕ್ಕಿ ಕಿತ್ತಳೆ ಬಣ್ಣದ್ದು.

ಈ ಹೋಲಿಕೆ ಏಕೆ? ಜೀರುಂಡೆಯನ್ನು ಕೆಣಕಿದರೆ ಹಿಂಭಾಗದಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಅಂಥ ಅಸ್ತ್ರವಿಲ್ಲದ ಜಿರಲೆ ಅದರ ವೇಷ ತೊಟ್ಟು ಶತ್ರುಗಳಿಂದ ಪಾರಾಗುತ್ತದೆ ಎಂಬುದು ವಿಜ್ಞಾನಿಗಳ ಊಹೆ.

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳಿಗೆ ತೋರಿಸಿ, ಮುಟ್ಟಗೊಡಬೇಡಿ. ಆಮ್ಲ ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರ ಬಳಿ ಕರೆದೊಯ್ಯಿರಿ. ಹೆದರಿ ತುಳಿಯಲೂ ಬೇಡಿ. ಬೇರೆ ಹುಳು ಹಿಡಿದು ತಿನ್ನುವ ಈ ಜೀರುಂಡೆ ನೆಲದ ಕಾವಲುಗಾರ.