ಅಗ್ಗದ ಉಪಕರಣದ ಭಾರ ಯಾರ ಹೆಗಲಿಗೆ?

ಓಡುವ ಪಾತ್ರದ ಹಿಂದೆ ಕ್ಯಾಮೆರಾ ಕುಲುಕಾಡದೆ ತೇಲಿಹೋಗುವ ದೃಶ್ಯ ಇಂದು ಪ್ರೇಕ್ಷಕರಿಗೆ ಹೊಸತಲ್ಲ. ಅಮೆರಿಕದ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮ್ 1976ರಲ್ಲಿ 'ಬೌಂಡ್ ಫಾರ್ ಗ್ಲೋರಿ', 'ರಾಕಿ' ಚಿತ್ರಗಳ ಮೂಲಕ ತೆರೆಗೆ ಬಂದಾಗ ಅದೊಂದು ವಿಸ್ಮಯವೇ ಆಗಿತ್ತು. ಮೈಗೆ ತೊಡುವ ಕವಚ, ಅದಕ್ಕೆ ಜೋಡಿಸಿದ ಸ್ಪ್ರಿಂಗ್ ತೋಳು, ಸಮತೋಲ ಕಾಯುವ ಗಿಂಬಲ್, ಇವು ಅದರ ಮುಖ್ಯ ಅಂಗಗಳು. ಮೂಲ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಆ ತತ್ವವನ್ನು ಈಗ ಯಾರು ಬೇಕಾದರೂ ಬಳಸಬಹುದು. ಭಾರತ, ಚೀನಾಗಳಲ್ಲಿ ತಯಾರಾದ ಅಗ್ಗದ ಅನುಕರಣೆಗಳಿಂದ ಸಣ್ಣ ತಂಡಗಳಿಗೂ ಈ ಸೌಲಭ್ಯ ಎಟುಕಿದೆ. ಅದನ್ನು ದೂರುವುದು ನ್ಯಾಯವಲ್ಲ.

ಆದರೆ ಆಕಾರವನ್ನು ನಕಲು ಮಾಡಿದಷ್ಟು ಸುಲಭವಾಗಿ ಲೋಹದ ಗುಣ, ಬೇರಿಂಗಿನ ನಯ, ಭಾರಪರೀಕ್ಷೆಯ ಶಿಸ್ತುಗಳನ್ನು ನಕಲು ಮಾಡಲಾಗದು. ಗಿಂಬಲ್ ಕೊಂಚ ತಡೆದರೂ ದೃಶ್ಯ ವಾಲುತ್ತದೆ. ಮರುಚಿತ್ರೀಕರಣಕ್ಕಾಗಿ ಇಡೀ ತಂಡ ಕಾಯಬೇಕಾಗುತ್ತದೆ. ಕವಚ ಮೈಗೆ ಹೊಂದದಿದ್ದರೆ ಸೊಂಟ ಹೊರಬೇಕಾದ ಭಾರ ಬೆನ್ನನ್ನು ಹಿಂಡುತ್ತದೆ. ತೋಳಿನ ಕೊಂಡಿಯೇ ಮುರಿದರೆ ಪೆಟ್ಟು ಬೀಳುವುದು ಅದನ್ನು ಹೊತ್ತವನಿಗೆ. ಉಳಿತಾಯ ನಿರ್ಮಾಪಕನದು, ಅಪಾಯ ಕೆಲಸಗಾರನದು ಎಂಬ ಈ ಹಂಚಿಕೆ ಸರಿಯೆ?

ಸಾಲ ಮಾಡಿ ಉತ್ತಮ ಸಾಧನ ಕೊಂಡ ಆಪರೇಟರನೂ ನಕಲಿನ ಬಾಡಿಗೆಯೊಂದಿಗೆ ಪೈಪೋಟಿಗಿಳಿಯಬೇಕಾಗುತ್ತದೆ. ವರ್ಷಗಳ ಅಭ್ಯಾಸದಿಂದ ಗಳಿಸಿದ ಕೌಶಲಕ್ಕೆ ಆಗ ಬೆಲೆಯೇ ಉಳಿಯುವುದಿಲ್ಲ.

ಅನುಕರಣೆಯನ್ನು ನಿಷೇಧಿಸುವುದು ಇದಕ್ಕೆ ಪರಿಹಾರವಲ್ಲ. ಪ್ರತಿ ಉಪಕರಣವೂ ಹೊರಬಲ್ಲ ಗರಿಷ್ಠ ತೂಕವನ್ನು ಬಾಡಿಗೆ ಕರಾರಿನಲ್ಲಿ ನಮೂದಿಸಲಿ. ಚಿತ್ರೀಕರಣಕ್ಕೆ ಮುನ್ನ ತಪಾಸಣೆ ಕಡ್ಡಾಯವಾಗಲಿ. ನಂಬಿಕೆಯಿಲ್ಲದ ಸಾಧನವನ್ನು ಹೊರಲು ನಿರಾಕರಿಸಿದವನ ಕೂಲಿ ಕಡಿತವಾಗದಿರಲಿ. ಭಾರ ಹೊರುವವನಿಗೆ ಬೇಡವೆನ್ನುವ ಹಕ್ಕೂ ಇರಬೇಕು.