ಊರಿನ ಕೊರಳಿಗೆ ಕಾಂಕ್ರೀಟ್ ಪಟ್ಟಿ

1971ರ ಏಪ್ರಿಲ್ 7. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಕ್ಕೆ ರಾಣಿ ಎರಡನೇ ಎಲಿಜಬೆತ್ ಬಂದಿದ್ದರು. ನಗರದ ಹೊಸ ವರ್ತುಲ ರಸ್ತೆಯ ಉದ್ಘಾಟನೆ. ಗ್ರೇಟ್ ಚಾರ್ಲ್ಸ್ ಸ್ಟ್ರೀಟಿನ ಒಂದು ಭಾಗಕ್ಕಷ್ಟೇ 'ಕ್ವೀನ್ಸ್‌ವೇ' ಎಂದು ಹೆಸರಿಡುವುದು ನಗರಸಭೆಯ ಉದ್ದೇಶವಾಗಿತ್ತಂತೆ. ರಾಣಿ ಇಡೀ ರಸ್ತೆಗೇ ಆ ಹೆಸರು ಕೊಟ್ಟುಬಿಟ್ಟರು! ರಾಣಿಯ ಮಾತನ್ನು ತಿದ್ದುವವರು ಯಾರು? ಫಲಕಗಳೇ ಬದಲಾದವು.

ಹೆಸರು ಬದಲಿಸಿದಷ್ಟು ಸುಲಭವಾಗಿ ರಸ್ತೆಯನ್ನು ಬದಲಿಸಲಾಗಲಿಲ್ಲ.

ರಿಂಗ್ ರಸ್ತೆ ಎಂದರೆ ಊರಾಚೆ ಬಳಸಿ ಹೋಗುವ ದಾರಿ ಎಂದೇ ನಮ್ಮ ಕಲ್ಪನೆ. ಇದು ಹಾಗಲ್ಲ. ಊರಿನ ನಡುಭಾಗವನ್ನೇ ಸುತ್ತುವರಿದು, ಅಂಗಡಿ ಬೀದಿ, ಮಾರುಕಟ್ಟೆಗಳ ಮಧ್ಯೆ ಕೊರೆದುಕೊಂಡು ಹೋದ ರಸ್ತೆ. ಇದರ ಹಿಂದಿದ್ದವರು ಹರ್ಬರ್ಟ್ ಮ್ಯಾನ್ಜೋನಿ. 1935ರಿಂದ 1963ರವರೆಗೆ ನಗರದ ಎಂಜಿನಿಯರ್ ಆಗಿದ್ದ ಇವರಿಗೆ ಹಳೆಯ ಕಟ್ಟಡಗಳ ಬಗ್ಗೆ ಮಮತೆ ಇರಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಎರಡನೇ ಮಹಾಯುದ್ಧ ಮುಗಿಯುವ ಮೊದಲೇ ಅವರ ನಕ್ಷೆ ಸಿದ್ಧವಾಗಿತ್ತು. 1946ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಅಧಿಕಾರ ಸಿಕ್ಕಿತು. ಸರ್ಕಾರದ ಹಣ ಬಂದು ಕೆಲಸ ಶುರುವಾದದ್ದು ಮಾತ್ರ 1957ರಲ್ಲಿ.

ಬಾಂಬುಗಳು ಕೆಡವಿದ್ದನ್ನು ಕಟ್ಟಲು ಹೊರಟ ಯೋಜನೆ ಇದೆಂದು ಹೇಳುವುದು ಅರ್ಧ ಸತ್ಯ. 1835ರಲ್ಲಿ ತೆರೆದ ಮಾರ್ಕೆಟ್ ಹಾಲ್‌ನ ಕಥೆ ನೋಡಿ. 1940ರ ಆಗಸ್ಟ್‌ನಲ್ಲಿ ಜರ್ಮನ್ ವಿಮಾನಗಳ ದಾಳಿಗೆ ಅದರ ಚಾವಣಿ ಹಾರಿಹೋಯಿತು. ಗೋಡೆಗಳು ನಿಂತಿದ್ದವು. ವ್ಯಾಪಾರಿಗಳು ಬಯಲಿನಡಿಯಲ್ಲೇ ತಕ್ಕಡಿ ಹಿಡಿದು ಕುಳಿತರು. ಯುದ್ಧ ಮುಗಿದು ಎಷ್ಟೋ ವರ್ಷಗಳಾದರೂ ಸಂತೆ ನಡೆದೇ ಇತ್ತು. ಬಾಂಬಿಗೆ ಬಗ್ಗದ ಆ ಗೋಡೆಗಳು ಬಿದ್ದದ್ದು 1960ರ ದಶಕದ ಪುನರ್ನಿರ್ಮಾಣದಲ್ಲಿ. 1964ರಲ್ಲಿ ಬುಲ್ ರಿಂಗ್ ವಾಣಿಜ್ಯ ಕೇಂದ್ರ ತಲೆ ಎತ್ತಿತು. ರಸ್ತೆಯ ನಕ್ಷೆಗೆ ಅಡ್ಡಬಂದ ವಿಕ್ಟೋರಿಯಾ ಕಾಲದ ಗ್ರಂಥಾಲಯವನ್ನು 1974ರಲ್ಲಿ ಕೆಡವಲಾಯಿತು. ಅದರ ಬದಲಿಗೆ ಕಟ್ಟಿದ್ದು 2016ರಲ್ಲಿ ನೆಲಸಮವಾಯಿತು. ಅದಕ್ಕೂ ಐವತ್ತು ತುಂಬಲಿಲ್ಲ.

ಆದರೂ ಮ್ಯಾನ್ಜೋನಿಯವರನ್ನು ಖಳನಾಯಕರನ್ನಾಗಿ ಮಾಡುವುದು ನ್ಯಾಯವಲ್ಲ. ಬರ್ಮಿಂಗ್‌ಹ್ಯಾಮ್‌ಗೆ ಅನ್ನ ಕೊಡುತ್ತಿದ್ದುದರಲ್ಲಿ ಮೋಟಾರು ಉದ್ಯಮ ದೊಡ್ಡದು. ಆಸ್ಟಿನ್ ಕಾರುಗಳ ಲಾಂಗ್‌ಬ್ರಿಜ್ ಕಾರ್ಖಾನೆ ಈ ಊರಿನದೇ. ಕಾರು ತಯಾರಿಸುವ ಊರು ಕಾರಿಗೆ ದಾರಿ ಬಿಡದಿದ್ದರೆ ಹೇಗೆ?

1960ರಲ್ಲಿ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ಉದ್ಘಾಟಿಸಿದ ಸ್ಮಾಲ್‌ಬ್ರೂಕ್ ಭಾಗದಲ್ಲಿ ರಸ್ತೆಯ ಪಕ್ಕ ಅಂಗಡಿಗಳಿಗಾದರೂ ಜಾಗವಿತ್ತು. ಮುಂದೆ ವೇಗವೇ ಮುಖ್ಯವಾಯಿತು. ಕಾರುಗಳು ನಿಲ್ಲದೆ ಹೋಗಲು ಮೇಲ್ಸೇತುವೆ, ಸುರಂಗ, ದೊಡ್ಡ ವೃತ್ತಗಳು ಬಂದವು. ಪಾದಚಾರಿಗೆ ಸಿಕ್ಕಿದ್ದು ನೆಲದಡಿಯ ಸುರಂಗದಾರಿ. ಎದುರಿಗೆ ಕಾಣುವ ಬೀದಿಗೆ ಹೋಗಲು ಮೆಟ್ಟಿಲಿಳಿದು, ಅರೆಗತ್ತಲಲ್ಲಿ ತಿರುಗಿ, ಮತ್ತೆ ಮೇಲೇರಬೇಕು. ರಾತ್ರಿಯ ಹೊತ್ತು ಒಂಟಿ ಹೆಂಗಸು, ಕೈಗಾಡಿಯಲ್ಲಿ ಮಗುವನ್ನಿಟ್ಟ ತಾಯಿ, ಮಂಡಿನೋವಿನ ಮುದುಕ ಇವರು ಯಾರೂ ಎಂಜಿನಿಯರರ ಲೆಕ್ಕದಲ್ಲಿದ್ದಂತೆ ಕಾಣುವುದಿಲ್ಲ.

ಜನ ಇದನ್ನು 'ಕಾಂಕ್ರೀಟ್ ಕೊರಳಪಟ್ಟಿ' ಎಂದು ಕರೆದರು. ಪಟ್ಟಿಯೊಳಗಿನ ಪುಟ್ಟ ಪೇಟೆ ಉಸಿರುಗಟ್ಟಿತು. ಹೊರಗೆ, ಹೆಸರಾಂತ ಆಭರಣ ಕುಶಲಕರ್ಮಿಗಳ ಕೇರಿಯಂಥ ಹತ್ತಿರದ ಜಾಗಗಳೂ ದೂರವಾದವು.

1988ರಲ್ಲಿ ನಗರಸಭೆ ವಿನ್ಯಾಸಕಾರರನ್ನು ಹೈಬರಿಯಲ್ಲಿ ಕೂಡಿಸಿ ಚರ್ಚೆ ನಡೆಸಿತು. ಪಟ್ಟಿ ಸಡಿಲಿಸದೆ ಊರು ಬೆಳೆಯದು ಎಂಬುದು ಅಲ್ಲಿ ಸ್ಪಷ್ಟವಾಯಿತು. ಮ್ಯಾಸ್‌ಹೌಸ್ ವೃತ್ತದ ಎತ್ತರದ ರಸ್ತೆಯನ್ನು 2002ರಲ್ಲಿ ಒಡೆಯಲಾಯಿತು. ಊರ ಮಧ್ಯದ ಮೂಲಕ ಹಾದುಹೋಗುತ್ತಿದ್ದ ವಾಹನಗಳಿಗೆ ಇನ್ನೂ ಹೊರಗಿನ ಮಧ್ಯ ವರ್ತುಲ ರಸ್ತೆಯ ದಾರಿ ತೋರಿಸಲಾಯಿತು. ಹಲವು ಸುರಂಗದಾರಿಗಳನ್ನು ಮುಚ್ಚಿ, ಜನ ನೆಲದ ಮೇಲೆಯೇ ರಸ್ತೆ ದಾಟುವಂತೆ ಮಾಡಲಾಯಿತು.

ಸೇಂಟ್ ಚಾಡ್ಸ್ ವೃತ್ತದ ತಗ್ಗಿನಲ್ಲಿ ಹಾಗೆ ಅಳಿದುಹೋದದ್ದರಲ್ಲಿ ಒಂದು ಚಿತ್ರವೂ ಇತ್ತು. ಅಮೆರಿಕದ ಅಧ್ಯಕ್ಷ ಕೆನಡಿಯವರ ನೆನಪಿಗೆ ಕಲಾವಿದ ಕೆನೆತ್ ಬಡ್ 1968ರಲ್ಲಿ ಅಲ್ಲಿ ಬಣ್ಣದ ಹರಳುಗಳ ದೊಡ್ಡ ಭಿತ್ತಿಚಿತ್ರ ರಚಿಸಿದ್ದರು. 2007ರಲ್ಲಿ ಅದು ರಸ್ತೆಯ ಜತೆಗೇ ಹೋಯಿತು. 2013ರಲ್ಲಿ ಅದನ್ನು ಡಿಗ್‌ಬೆತ್‌ನಲ್ಲಿ ಮತ್ತೆ ರಚಿಸಿದರು, ಈ ಬಾರಿ ನೆಲದ ಮೇಲೆ, ಬೀದಿಯ ಬದಿಯಲ್ಲಿ.