ಜೀಪು ನಡುಗಿದರೆ ಎಲ್ಲಿ ನೋಡಬೇಕು?

ತಳಿಯಿಂದ ಜವಳಗಿರಿ, ಅಂಚೆಟ್ಟಿ ಕಡೆಯ ಕಾಡುದಾರಿಗೆಂದು ಹಳೆಯ ಮಹೀಂದ್ರ ಜೀಪಿನ ಪಟ್ಟಾ ಎತ್ತರಿಸಿ, ದೊಡ್ಡ ಟೈರು ಹಾಕಿಸುವವರುಂಟು. ಆಮೇಲೆ ಗಾಡಿ ನಡುಗತೊಡಗಿದರೆ ಏನು ಮಾಡುತ್ತೀರಿ?

ಮೊದಲು ಗಾಡಿ ನಿಲ್ಲಿಸಿ ಇಂಜಿನ್ ವೇಗ ಏರಿಸಿ. ಆಗಲೂ ನಡುಗಿದರೆ ದೋಷ ಇಂಜಿನ್ ಕಡೆಯದು. ಇಲ್ಲವಾದರೆ, ಅದೇ ವೇಗದಲ್ಲಿ ಬೇರೆ ಗೇರಿನಲ್ಲಿ ಓಡಿಸಿ. ನಡುಕ ಬದಲಾಗದಿದ್ದರೆ ಅದು ಚಕ್ರದ್ದು ಅಥವಾ ಪ್ರೊಪೆಲ್ಲರ್ ಶಾಫ್ಟಿನದು. ಚಕ್ರದ ನಡುಕ ನಿಧಾನ, ಸ್ಟೀರಿಂಗಿನಲ್ಲಿ ತಿಳಿಯುತ್ತದೆ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಶಾಫ್ಟು ನಾಲ್ಕೈದು ಸುತ್ತು ತಿರುಗುವುದರಿಂದ ಅದರ ನಡುಕ ಚುರುಕು, ಸೀಟಿನಡಿ ಗುಂಯ್‌ಗುಡುತ್ತದೆ.

ಶಾಫ್ಟಿನ ಎರಡು ತುದಿಗೂ ಜಾಯಿಂಟುಂಟು. ಕನ್ನಡದಲ್ಲಿ ಕೇಳಿ, ತಮಿಳಿನಲ್ಲಿ ಕೇಳಿ, ಮೆಕ್ಯಾನಿಕ್ಕಿಗೆ ಅದು ‘ಕ್ರಾಸ್’. ಓರೆಯಾಗಿ ತಿರುಗುವ ಕ್ರಾಸ್, ಪ್ರತಿ ಸುತ್ತಿಗೆ ಎರಡು ಬಾರಿ ಮುಂದೋಡಿ ಎರಡು ಬಾರಿ ಹಿಂದುಳಿಯುತ್ತದೆ. ಇನ್ನೊಂದು ಕ್ರಾಸೂ ಅಷ್ಟೇ ಓರೆಯಲ್ಲಿದ್ದು, ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿದ್ದರೆ ಈ ಏರಿಳಿತ ಚಕ್ರಕ್ಕೆ ತಲುಪದು. ಪಟ್ಟಾ ಎತ್ತರಿಸಿದಾಗ ಓರೆ ಹೆಚ್ಚುತ್ತದೆ. ಆಕ್ಸಲ್ ತುಸು ಹೊರಳಿ ಕೂತರಂತೂ ಲೆಕ್ಕ ತಪ್ಪಿತು. ಶಾಫ್ಟು ಬಿಚ್ಚಿ ಜೋಡಿಸುವಾಗ ಜಾರುತೋಳನ್ನು ಒಂದು ಹಲ್ಲು ಆಚೀಚೆ ಹಾಕಿದರೂ ಅಷ್ಟೇ. ಬಿಚ್ಚುವ ಮೊದಲು ಸೀಮೆಸುಣ್ಣದ ಗೆರೆ ಎಳೆಯಿರಿ.

ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ನಿಲ್ಲಿಸಿ, ಶಾಫ್ಟನ್ನು ಕೈಯಿಂದ ಅಲುಗಿಸಿ. ಕ್ರಾಸ್ ಬಳಿ ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿಬೇರಿಂಗ್ ಒಣಗಿದೆ, ಗ್ರೀಸಿಗೆ ಕಾಲ ಮೀರಿದೆ, ಬದಲಿಸಿ. ಉದಾಸೀನ ಬೇಡ: ಹಳೆಯ ಅನೇಕ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಹಿಡಿಯುವುದು ಈ ಶಾಫ್ಟನ್ನೇ. ಏರಿನಲ್ಲಿ ಶಾಫ್ಟು ಕಳಚಿದರೆ ಹ್ಯಾಂಡ್‌ಬ್ರೇಕೂ ಇರುವುದಿಲ್ಲ.